ಬಣ್ಣದ ಡಬ್ಬಿ ಆಚೆ ಇಡಿ, ಮೊದಲು ಮನೆಯ ಮಾಡು ನೋಡಿ

ಮೇ ತಿಂಗಳು ಬಂತೆಂದರೆ ಮನೆ ಮಾರಿಸಿಕೊಡುವ ನನಗೆ ಒಂದೇ ಬಗೆಯ ಫೋನ್‌ಗಳು ಶುರುವಾಗುತ್ತವೆ. ಮುಂಬೈಯಿಂದಲೋ ದುಬೈಯಿಂದಲೋ ರಜೆಗೆ ಬಂದವರು, ಕಾರವಾರದಲ್ಲಿರುವ ಅಪ್ಪನ ಕಾಲದ ಮನೆ ಮಾರುವುದೆಂದು ತೀರ್ಮಾನಿಸಿದವರು. "ಸರ್, ಒಂದು ವಾರ ಬಿಡಿ. ಒಳಗೂ ಹೊರಗೂ ಬಣ್ಣ ಹೊಡೆಸಿಬಿಡ್ತೆ. ಆಮೇಲೆ ಗಿರಾಕೀನ ಕರ್ಕೊಂಡು ಬನ್ನಿ." ನನ್ನ ಉತ್ತರವೂ ಪ್ರತಿ ವರ್ಷ ಒಂದೇ. ಬಣ್ಣ ಬೇಡ. ಪೇಂಟರ್ ಬದಲು ಹಂಚು ಕೈಯಾಡಿಸುವವನನ್ನು ಕರೆಸಿ.

ಈ ಮಾತು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಮನೆ ಚೆಂದ ಕಾಣಲಿ ಎಂದು ಅವರು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಮನೆ ಕೊಳ್ಳಲು ಬರುವವರು ಹೊಸ ಬಣ್ಣ ಕಂಡ ಕೂಡಲೇ ಗೋಡೆಗೆ ಕೈ ಇಟ್ಟು ನೋಡುತ್ತಾರೆ. ಕೈಗಾ ಅಣುಸ್ಥಾವರದಿಂದ ನಿವೃತ್ತರಾದವರಿರಲಿ, ನೌಕಾನೆಲೆಯಲ್ಲಿ ಕೆಲಸ ಮಾಡುವವರಿರಲಿ, ಇಲ್ಲಿ ನಾಲ್ಕು ಮಳೆಗಾಲ ಕಳೆದವರಿಗೆ ಏಪ್ರಿಲ್-ಮೇ ತಿಂಗಳ ಬಣ್ಣ ಏನನ್ನೋ ಮುಚ್ಚಿದೆ ಎಂಬ ಅನುಮಾನ ಬಂದೇ ಬರುತ್ತದೆ. ಬಹಳ ಸಲ ಆ ಅನುಮಾನ ನಿಜವೂ ಆಗಿರುತ್ತದೆ.

ಕಾರವಾರದ ಕಾಜುಬಾಗದ ಒಂದು ಮನೆಯ ವ್ಯವಹಾರ ನನ್ನ ಕೈಯಲ್ಲಿದ್ದಾಗಲೇ ಕೆಟ್ಟಿತ್ತು. ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು (ಛಾವಣಿ), ಹಿಂದುಗಡೆ ಆಮೇಲೆ ಕಟ್ಟಿದ ಆರ್‌ಸಿಸಿ ಅಡುಗೆಮನೆ. ಮಾಲಕರು ಏಪ್ರಿಲ್‌ನಲ್ಲಿ ಪುಟ್ಟಿ ಹಾಕಿಸಿ ತಿಳಿ ಹಸಿರು ಬಣ್ಣ ಹೊಡೆಸಿದರು. ಮೇ ತಿಂಗಳಲ್ಲಿ ಕರಾರು ಪತ್ರ ಆಯಿತು, ಅಡ್ವಾನ್ಸ್ ಬಂತು. ಬ್ಯಾಂಕ್ ಸಾಲ ಮಂಜೂರಾಗುವುದು ತಡವಾಗಿ ನೋಂದಣಿ ಜುಲೈಗೆ ಹೋಯಿತು. ಮೃಗಶಿರಾ ಮಳೆ ಸುಮ್ಮನೆ ಬಂದು ಹೋಯಿತು, ಆರಿದ್ರಾ ಮಳೆ ಬಡಿಯಿತು. ಸಾಲದ ತಪಾಸಣೆಗೆಂದು ಬಾಗಿಲು ತೆರೆದ ದಿನ ನಾನೂ ಇದ್ದೆ. ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಉಗುರು ತಾಗಿಸಿದರೆ ಪುಟ್ಟಿ ಹಪ್ಪಳದಂತೆ ಕಳಚಿ ಬೀಳುತ್ತಿತ್ತು, ಅದರ ಹಿಂದೆ ಬಿಳಿ ಉಪ್ಪು. ಕೊಳ್ಳುವವರು ಒಂದು ಮಾತೂ ಆಡಲಿಲ್ಲ. ಅವರ ಹೆಂಡತಿ ನನ್ನ ಮುಖ ನೋಡಿದರು, ಅಷ್ಟೇ. ಸಂಜೆ ಅಡ್ವಾನ್ಸ್ ವಾಪಸ್ ಕೇಳಿದರು.

ಆ ಗೋಡೆಯ ರೋಗ ದೊಡ್ಡದೇನೂ ಆಗಿರಲಿಲ್ಲ. ಚಿರೆಕಲ್ಲಿನ ಮೈತುಂಬ ತೂತು, ನೀರು ಎಲ್ಲಿ ನಿಂತರೂ ಹೀರಿಕೊಳ್ಳುತ್ತದೆ. ಹಂಚಿನಿಂದ ಬೀಳುವ ನೀರು ಗೋಡೆಯ ಬುಡದಲ್ಲೇ ಕುಣಿದು ಸಿಡಿಯುತ್ತಿತ್ತು, ಗಟಾರ ಮಣ್ಣು ತುಂಬಿ ಮುಚ್ಚಿತ್ತು. ಗಟಾರದ ಮಣ್ಣು ತೆಗೆಸಿ, ಬುಡದಲ್ಲಿ ಹೊರಕ್ಕೆ ಇಳಿಜಾರಾಗುವಂತೆ ಸಿಮೆಂಟ್ ಪಟ್ಟಿ ಕಟ್ಟಿಸಿದ್ದರೆ ಬಣ್ಣದ ಅರ್ಧ ಖರ್ಚಿನಲ್ಲಿ ಮುಗಿಯುತ್ತಿತ್ತು. ಥಂಡಿ ಹಿಡಿದ ಗೋಡೆ ಒಣಗಬೇಕಾದರೆ ದೀಪಾವಳಿ ದಾಟಬೇಕು. ಅದಕ್ಕೆ ಮೊದಲು ಯಾವ ಕಂಪನಿಯ ಬಣ್ಣ ಹೊಡೆದರೂ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ.

ಹಾಗಾಗಿ ಮನೆ ತಯಾರಿ ಎಂದರೆ ನನ್ನ ಲೆಕ್ಕದಲ್ಲಿ ಮೇಲಿನಿಂದ ಕೆಳಗೆ ಇಳಿಯುವುದು. ಮೊದಲು ಮಾಡು. ಒಡೆದ ಹಂಚು ಬದಲಿಸಬೇಕು, ಎರಡು ಮಾಡು ಕೂಡುವಲ್ಲಿರುವ ತಗಡಿನ ದೋಣಿಯಲ್ಲಿ ಕೊಳೆತ ಎಲೆ ತೆಗೆಸಬೇಕು. ಸೋರುವ ಮನೆಗಳಲ್ಲಿ ನಾನು ಕಂಡಂತೆ ಮುಕ್ಕಾಲು ಪಾಲು ತೊಂದರೆ ಆ ದೋಣಿಯದೇ. ಪಕಾಸಿನ (ಹಂಚು ಹೊರುವ ಮರದ ಪಟ್ಟಿಯ) ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಒರಲೆ (ಗೆದ್ದಲು) ತಿಂದಿದೆ. ಆ ಒಂದು ಪಕಾಸು ಬದಲಿಸಿ, ಹೊಸ ಮರಕ್ಕೆ ಬಣ್ಣ ಬಳಿದು ಹಳೆಯದರಂತೆ ಕಾಣಿಸುವ ಕೆಲಸ ಮಾತ್ರ ಬೇಡ. ಹೊಸ ಮರ ಹೊಸದಾಗಿಯೇ ಕಾಣಲಿ. ರಿಪೇರಿ ಆದದ್ದು ಗಿರಾಕಿಗೆ ಕಂಡರೆ ನಷ್ಟವಿಲ್ಲ, ಲಾಭವೇ ಇದೆ.

ಸ್ಲ್ಯಾಬ್ ಮನೆಯಾದರೆ ಸೂರು ನೋಡಿ. ಸಮುದ್ರದ ಗಾಳಿಯಲ್ಲಿರುವ ಉಪ್ಪು ನಿಧಾನಕ್ಕೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕೆಳಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಕೋಡಿಬಾಗ, ಬಿಣಗಾ ಕಡೆಯ ಹಳೆಯ ಮನೆಗಳ ಬಾಲ್ಕನಿ, ಸಜ್ಜೆಗಳಲ್ಲಿ ಇದು ಸಾಮಾನ್ಯ. ಇಂಥಲ್ಲಿ ಮೇಲಿಂದ ಗಾರೆ ಮೆತ್ತಿಸಿದರೆ ಎರಡು ವರ್ಷದಲ್ಲಿ ಗಾರೆಯ ಸಮೇತ ಬೀಳುತ್ತದೆ, ಕೆಳಗೆ ಮಗು ನಿಂತಿದ್ದರೆ ಏನು ಗತಿ? ಸಡಿಲಾದದ್ದನ್ನು ಪೂರ್ತಿ ಕೆತ್ತಿ, ತುಕ್ಕು ಉಜ್ಜಿ ತೆಗೆದು, ಕಬ್ಬಿಣಕ್ಕೆ ಲೇಪ ಕೊಟ್ಟು, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ಹಾಕಬೇಕು. ಕೆತ್ತಿದಾಗ ಒಂದು ಫೋಟೋ, ಮುಗಿದ ಮೇಲೆ ಒಂದು ಫೋಟೋ, ಸಾಮಾನಿನ ಬಿಲ್ಲು, ಇವನ್ನು ಇಟ್ಟುಕೊಳ್ಳಿ. ರಿಪೇರಿಗೆ ಹಣವಿಲ್ಲವೆಂದರೆ ಹಾಗೆಯೇ ಬಿಡಿ, ಗಿರಾಕಿಗೆ ತೋರಿಸಿ, ಬೆಲೆಯಲ್ಲಿ ಮಾತಾಡೋಣ.

ಎಷ್ಟೋ ವರ್ಷ ಬೀಗ ಹಾಕಿದ ಮನೆಗಳದು ಬೇರೆ ಕಥೆ. ತೋರಿಸುವ ದಿನ ಬೆಳಿಗ್ಗೆ ಬಂದು ಬೀಗ ತೆಗೆದರೆ ಮುಗ್ಗಲು ವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಕನಿಷ್ಠ ನಾಲ್ಕು ದಿನ ಮೊದಲೇ ಕಿಟಕಿ ಬಾಗಿಲು ತೆರೆದಿಡಿ. ಬಚ್ಚಲಿನ ಜಾಲರಿಗೆ ಒಂದೊಂದು ಬಕೆಟ್ ನೀರು ಹುಯ್ಯಿರಿ. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಪೈಪಿನ ವಾಸನೆಯನ್ನು ಒಳಗೆ ಬಿಡದೆ ತಡೆಯುವುದು ಆ ನೀರೇ. ಬೀಗ ಹಾಕಿದ ಮನೆಯಲ್ಲಿ ಅದು ಆರಿಹೋಗಿರುತ್ತದೆ. ಗಿರಾಕಿ "ಡ್ರೈನೇಜ್ ಸರಿ ಇಲ್ಲ" ಎಂದು ಮನಸ್ಸಿನಲ್ಲೇ ಬರೆದುಕೊಂಡು ಹೊರಟುಬಿಡುತ್ತಾನೆ. ಒಂದು ಬಕೆಟ್ ನೀರಿನ ವಿಷಯ.

ಒಳಗಿನ ಸಾಮಾನು ಪೂರ್ತಿ ಖಾಲಿ ಮಾಡಿಸಬೇಡಿ. ಬರಿದಾದ ಕೋಣೆ ಚಿಕ್ಕದಾಗಿ ಕಾಣುತ್ತದೆ, ಮಂಚ ಎಲ್ಲಿ ಹಿಡಿಸೀತು ಎಂಬ ಅಂದಾಜು ಸಿಗುವುದಿಲ್ಲ. ಅಟ್ಟ ಮಾತ್ರ ಖಾಲಿ ಇರಲಿ, ಹಂಚಿನ ಒಳಮೈ ಅಲ್ಲಿಂದಲೇ ಕಾಣಬೇಕು.

ನಮ್ಮ ಕಡೆ ಮನೆ ನೋಡುವವರು ಅಡುಗೆಮನೆಗಿಂತ ಮೊದಲು ಬಾವಿಗೆ ಹೋಗುತ್ತಾರೆ. ಕಾಳಿ ಸಮುದ್ರ ಸೇರುವ ಕಡೆ, ಭರತದ (ಸಮುದ್ರದ ಉಬ್ಬರದ) ನೀರು ಒಳಗೆ ನುಗ್ಗುವ ಹಳ್ಳಗಳ ದಂಡೆಯಲ್ಲಿ, ಜನವರಿಯಲ್ಲಿ ಸಿಹಿಯಿದ್ದ ಬಾವಿ ಮೇ ತಿಂಗಳಿಗೆ ಉಪ್ಪಾಗುವುದುಂಟು. ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ, ಎಲ್ಲ ನೀರೂ ಸಿಹಿ. ನಾನು ಮಾರುವವರಿಗೆ ಹೇಳುವುದು: ಮೇ ತಿಂಗಳಲ್ಲೇ ಬಾವಿ ತೋರಿಸಿ. ಕೊಡಪಾನ ಇಳಿಸಿ ನೀರು ಸೇದಿ, ಒಂದು ಲೋಟ ನೀವು ಕುಡಿಯಿರಿ, ಒಂದು ಲೋಟ ಅವರಿಗೆ ಕೊಡಿ. ಸದಾಶಿವಗಡದ ಒಂದು ಮನೆಯಲ್ಲಿ ಹೀಗೆ ಕೊಟ್ಟಾಗ ಗಿರಾಕಿ ಗುಟುಕು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು, ನುಂಗಿ, "ಸಪ್ಪೆ ಅಲ್ಲ, ಉಪ್ಪೂ ಅಲ್ಲ" ಅಂದರು. ಮನೆಯಾಕೆ ತಡಮಾಡದೆ, "ಹದಿನೈದು ದಿನ ಹೀಗೆ ಇರ್ತದೆ. ಆ ಹದಿನೈದು ದಿನ ನಳದ ನೀರು ಕುಡೀತೇವೆ, ಬಾವೀದು ಬಟ್ಟೆ ಒಗೆಯಲು" ಎಂದರು. ಆ ಹದಿನೈದು ದಿನದ ಲೆಕ್ಕ ಕೇಳಿ ಗಿರಾಕಿಯ ಮುಖ ಸಡಿಲಾಯಿತು. ಗೊತ್ತಿಲ್ಲದ ಉಪ್ಪಿಗೆ ಹೆದರುತ್ತಾರೆ, ಲೆಕ್ಕ ಸಿಕ್ಕ ಉಪ್ಪಿಗೆ ಹೆದರುವುದಿಲ್ಲ.

ಹೊಳೆದಂಡೆಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯಿದೆ, ನೆರೆಯ ಗೆರೆಯದು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಲ್ಲಿ ಮನೆಮನೆಯೊಳಗೆ ನೀರು ಬಂತು. ಒಬ್ಬರ ಮನೆಯ ನಡುಕೋಣೆಯ ಗೋಡೆಯಲ್ಲಿ ಕೆಸರಿನ ಗೆರೆ ಕಿಟಕಿಯ ದಂಡೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಮಗ ಅದನ್ನು ಅಳಿಸಬೇಕೆಂದು ಬ್ರಷ್ ಹಿಡಿದೇ ಬಿಟ್ಟಿದ್ದ. ನಾನು ಕೈಮುಗಿದು ಬೇಡವೆಂದೆ. ಗೆರೆ ಅಳಿಸಿ ಮಾರಿದರೆ ಮುಂದಿನ ನೆರೆಯಲ್ಲಿ ಒಳಗಿರುವವರು ಯಾರು? ಬ್ಯಾಂಕಿನ ಸಾಲ, ಪಿಎಫ್ ಹಣ, ಹೆಂಡತಿಯ ಬಂಗಾರ ಎಲ್ಲ ಸುರಿದು ಬಂದ ಇನ್ನೊಂದು ಸಂಸಾರ. ಗೆರೆ ಹಾಗೇ ಉಳಿಯಿತು. ಇಬ್ಬರು ನೋಡಿ ಹಿಂದೆ ಸರಿದರು. ಮೂರನೆಯವರು ಟೇಪ್ ಹಿಡಿದು ಅಳೆದರು, ಮಲಗುವ ಕೋಣೆ ಮಹಡಿಗೆ ಒಯ್ಯಬಹುದೆಂದು ಲೆಕ್ಕ ಹಾಕಿದರು, ಮಾಲಕರು ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ಕೊಂಡರು. ಈಗ ಅವರು ಅಲ್ಲೇ ಇದ್ದಾರೆ.

ಗುಡ್ಡದ ಬುಡದ ಮನೆಗಳಲ್ಲೂ ಹೀಗೆಯೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಎಲ್ಲರೂ ಮನೆಯ ಹಿಂದೆ ಹೋಗಿ ಧರೆ (ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ) ನೋಡುತ್ತಾರೆ. ಅಲ್ಲಿ ಬೆಳೆದ ಗಿಡಗಂಟಿ ಕಡಿಸಿ, ಕಡಿದ ಮಣ್ಣಿನ ಧರೆ ಪೂರ್ತಿ ಕಾಣುವಂತೆ ಮಾಡಿ. ಮೇಲಿನ ನೀರು ಎತ್ತ ಹರಿಯುತ್ತದೆಂದು ನಡೆದು ತೋರಿಸಿ.

ಸಾಧ್ಯವಾದರೆ ಎರಡು ಸಲ ತೋರಿಸಬೇಕು ಎಂಬುದು ನನ್ನ ಹಟ. ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಒಮ್ಮೆ, ಜಡಿಮಳೆಯಲ್ಲಿ ಒಮ್ಮೆ. ಮಳೆಯಲ್ಲಿ ತೋರಿಸಲು ಮಾಲಕರಿಗೆ ಭಯ. ಶಿರಸಿ ಹತ್ತಿರದ ಒಂದು ತೋಟದ ಮನೆಯಲ್ಲಿ ಆ ಭಯ ಕಳೆದದ್ದು ಒಬ್ಬ ಅಜ್ಜಿಯಿಂದ. ಮಗ ಬೆಂಗಳೂರಿನಿಂದ ಬಂದ ಗಿರಾಕಿಗೆ ಜಗುಲಿಯ ಕಂಬದ ಕೆತ್ತನೆ ವರ್ಣಿಸುತ್ತಿದ್ದ. ಅಜ್ಜಿ ಮೆಲ್ಲಗೆ ಎದ್ದು ಗಿರಾಕಿಯ ಕೈ ಹಿಡಿದು ಒಳಗೆ ಕರೆದೊಯ್ದರು. "ತಮ್ಮಾ, ಇಲ್ಲಿ ನೋಡು. ಗಾಳಿ ಬಡಗಿಂದ ಬೀಸಿದ್ರೆ ಈ ಮೂಲೇಲಿ ಮಾತ್ರ ಸೋರ್ತದೆ. ಒಂದು ಪಾತ್ರೆ ಇಟ್ರೆ ಸಾಕು. ಉಳಿದ ಕಡೆ ನಾನು ಬಂದಾಗಿಂದ ಹನಿ ಬಿದ್ದಿಲ್ಲ." ಆ ಗಿರಾಕಿ ಮತ್ತೆ ಮಗನ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಎಲ್ಲ ಅಜ್ಜಿಯನ್ನೇ ಕೇಳಿದರು. ಅಂದಿನಿಂದ ನಾನು ಮನೆ ತೋರಿಸುವಾಗ ಆ ಮನೆಯಲ್ಲಿ ಅತಿ ಹೆಚ್ಚು ಮಳೆಗಾಲ ಕಳೆದವರನ್ನು ಹುಡುಕಿ ಜೊತೆಗೆ ಇರಿಸಿಕೊಳ್ಳುತ್ತೇನೆ. ಉಳಿದವರು ಜಗುಲಿಯಲ್ಲಿ ಕೂತಿರಲಿ. ನಾಲ್ಕು ಜನ ಹಿಂದೆ ಮುಂದೆ ಸುತ್ತುತ್ತ, "ನಿನ್ನೆಯೂ ಒಬ್ಬರು ಬಂದು ಹೋದ್ರು, ನಾಳೆ ಅಡ್ವಾನ್ಸ್ ಕೊಡ್ತಾರಂತೆ" ಎಂದು ಹೇಳುವುದನ್ನು ನಿಲ್ಲಿಸಿ. ಅದನ್ನು ಯಾರೂ ನಂಬುವುದಿಲ್ಲ.

ಘಟ್ಟದ ಮೇಲಿನ ತೋಟದ ಮನೆಗಳಿಗೆ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾದ ಮೇಲೆ ಹೊರಗಿನವರು ಹೆಚ್ಚು ಬರುತ್ತಿದ್ದಾರೆ. ಅವರಿಗೆ ಸೊಪ್ಪಿನ ಬೆಟ್ಟ ಗೊತ್ತಿಲ್ಲ. ತೋಟದ ಮೇಲಿನ ಕಾಡು ತೋರಿಸಿ "ಇದೂ ನಮ್ಮ ಬೆಟ್ಟ" ಎಂದರೆ ಅವರು ಎಕರೆ ಲೆಕ್ಕ ಹಾಕುತ್ತಾರೆ. ಬೆಟ್ಟದಲ್ಲಿರುವುದು ತೋಟಕ್ಕೆ ಸೊಪ್ಪು-ಸದೆ ತರುವ ಸವಲತ್ತು, ಮಾರಲು ಬರುವ ಒಡೆತನವಲ್ಲ. ಅಂಗಳದಲ್ಲಿ ನಿಂತಾಗಲೇ ಬಾಯಿಬಿಟ್ಟು ಹೇಳಿ. ಅತಿಕ್ರಮಣದ ಜಾಗ ಎಲ್ಲಿಂದ ಶುರು ಎಂಬುದನ್ನೂ ಬೇಲಿಯ ಹತ್ತಿರ ನಿಂತು ತೋರಿಸಿ. ಕರಾವಳಿಯಲ್ಲಿ ಇಂಥದೇ ತೊಡಕು ಸಿಆರ್‌ಝಡ್, ಅಂದರೆ ನೀರಿನ ದಂಡೆಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ. ಅದರ ಮೊದಲ ಅಧಿಸೂಚನೆ 1991ರದು, ಆಮೇಲೆ 2011, 2019ರಲ್ಲಿ ಹೊಸವು ಬಂದವು. ಕಡಲತೀರಕ್ಕೆ ಮಾತ್ರವಲ್ಲ, ಭರತ ಏರುವ ಹೊಳೆಯ ದಂಡೆಗೂ ಅನ್ವಯ. "ಮೇಲೆ ಇನ್ನೊಂದು ಮಹಡಿ ಕಟ್ಟಬಹುದಲ್ಲ?" ಎಂದು ಗಿರಾಕಿ ಕೇಳಿದರೆ ಹೌದೆಂದು ಹೇಳಿಬಿಡಬೇಡಿ. ಅನುಮತಿ ಪತ್ರ ಇದ್ದರೆ ತೋರಿಸಿ, ಇಲ್ಲದಿದ್ದರೆ ಇಲ್ಲವೆನ್ನಿ.

ಕಾಗದಪತ್ರದ ಫೈಲು ಮನೆ ತೋರಿಸುವ ದಿನವೇ ಜಗುಲಿಯ ಮೇಜಿನ ಮೇಲೆ ಇರಲಿ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರಸಭೆಯಾದರೆ ಇ-ಖಾತಾ, ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಇ.ಸಿ. (ಋಣಭಾರ ಪತ್ರ), ಕಟ್ಟಡ ಪರವಾನಗಿ, ತೆರಿಗೆ ರಸೀದಿ. ಮೂಲ ಪತ್ರ ಬ್ಯಾಂಕಿನಲ್ಲಿದ್ದರೆ ಬ್ಯಾಂಕಿನಲ್ಲಿದೆ ಎಂದೇ ಬರೆದಿಡಿ. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಬರಲಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಮೇಲಿನ ಮೊತ್ತ ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆಯ ದಂಡ ಬೀಳುವುದು ತೆಗೆದುಕೊಂಡವರಿಗೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬುದು 2005ರ ತಿದ್ದುಪಡಿಯಿಂದ ಬಂತು. ಆ ಹೊತ್ತಿಗೆ ತಂದೆ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಗಿರಾಕಿ ಮೂರು ಸಲ ಬಂದು ಹೋದ ಮೇಲೆ, ಪುಣೆಯಲ್ಲಿರುವ ತಂಗಿಗೆ ನೆಂಟರ ಬಾಯಿಂದ ಸುದ್ದಿ ತಿಳಿಯುವುದು ಈಗಲೂ ನಡೆಯುತ್ತದೆ. ಹೊನ್ನಾವರದ ಒಂದು ಮನೆ ಹೀಗೆಯೇ ಕೋರ್ಟಿಗೆ ಹೋಯಿತು. ಆ ತಂಗಿಗೆ ಹಣದ ಆಸೆ ಇರಲಿಲ್ಲ, ತಾನು ಹುಟ್ಟಿದ ಮನೆ ಮಾರುವ ಮಾತು ತನಗೊಬ್ಬಳಿಗೇ ಹೇಳಲಿಲ್ಲ ಎಂಬ ನೋವಿತ್ತು. ನಾನೂ ಕೇಳಿರಲಿಲ್ಲ, ಆ ತಪ್ಪು ನನ್ನದೂ ಹೌದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆಂದು ಎಲ್ಲರೂ ಶಿರಸಿಗೆ ಬಂದಿರುತ್ತಾರೆ, ಹಿಸ್ಸೆಯ ಮಾತು ಆಗಲೇ ಕೂತು ಮುಗಿಸಿಕೊಳ್ಳಿ ಎಂದು ಆ ಕಡೆಯವರಿಗೆ ಹೇಳುತ್ತಿರುತ್ತೇನೆ. ಈಗ ಯಾರೇ ಮನೆ ಮಾರಬೇಕೆಂದು ಬಂದರೂ ನಾನು ಮೊದಲು ಕೇಳುವುದು ಅಕ್ಕತಂಗಿಯರ ನಂಬರು. ನಾನೇ ಫೋನ್ ಮಾಡುತ್ತೇನೆ. "ಹೌದು, ಅಣ್ಣ ಹೇಳಿದ್ದಾನೆ, ನಂದೂ ಒಪ್ಪಿಗೆ ಇದೆ" ಎಂದು ಅವರ ಬಾಯಿಂದ ಕೇಳಿದ ಮೇಲೆಯೇ ಗಿರಾಕಿಗೆ ಮನೆ ನೋಡುವ ದಿನ ಕೊಡುವುದು.