ಅಧ್ಯಕ್ಷರ ಮನೆಯಿಂದ ನೂರು ಮೀಟರ್

ಬೀದಿಗಿಳಿದು ಕೂಗಿದರೆ ಅಧ್ಯಕ್ಷರು ಇಳಿಯುತ್ತಾರೆಯೇ? ದಕ್ಷಿಣ ಕೊರಿಯಾದ ಮಾತು ಬಂದಾಗಲೆಲ್ಲ ಕಿರಿಯ ವಕೀಲರು ನನ್ನನ್ನು ಕೇಳುವ ಪ್ರಶ್ನೆ ಇದು. 2017ರ ಮಾರ್ಚ್‌ನಲ್ಲಿ ಪಾರ್ಕ್ ಗ್ಯುನ್ ಹೇ, 2025ರ ಏಪ್ರಿಲ್‌ನಲ್ಲಿ ಯೂನ್ ಸುಕ್ ಯೋಲ್: ಎಂಟೇ ವರ್ಷಗಳಲ್ಲಿ ಆ ದೇಶ ಇಬ್ಬರು ಅಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಜನವೇ ಇಳಿಸಿದರು ಎಂದು ಕೆಲವರು ಸಂಭ್ರಮಿಸುತ್ತಾರೆ. ಇಳಿಸಿದ್ದು ಕೋರ್ಟು, ಜನ ಸೇರಿದ್ದರಿಂದ ಟ್ರಾಫಿಕ್ ಜಾಮ್ ಬಿಟ್ಟು ಬೇರೇನೂ ಆಗಲಿಲ್ಲ ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಪ್ರತಿಭಟನೆಯ ಹಕ್ಕಿನ ಪ್ರಕರಣಗಳನ್ನು ನಡೆಸುವ ನನಗೆ ಎರಡೂ ಮಾತು ಅರ್ಧಕ್ಕೆ ನಿಂತಂತೆ ಕಾಣುತ್ತವೆ.

ಮೊದಲು ಕಾನೂನು ನೋಡೋಣ. ನಮ್ಮಲ್ಲಿ ಮುಖ್ಯಮಂತ್ರಿಯೋ ಪ್ರಧಾನಿಯೋ ಸದನದ ವಿಶ್ವಾಸ ಕಳೆದುಕೊಂಡರೆ ಸಾಕು, ಹೋಗಬೇಕು. ಸದನ ಯಾರಿಗೂ ಕಾರಣ ವಿವರಿಸಬೇಕಿಲ್ಲ. ಕೊರಿಯಾದ ಅಧ್ಯಕ್ಷರನ್ನು ಜನ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ, ಅದೂ ಒಂದೇ ಅವಧಿಗೆ. ತಾವಾಗಿ ರಾಜೀನಾಮೆ ಕೊಡದಿದ್ದರೆ ಅವರನ್ನು ನಡುವೆ ತೆಗೆಯಲು ಇರುವ ದಾರಿ ವಾಗ್ದಂಡನೆ ಮಾತ್ರ. 300 ಸದಸ್ಯರ ಸಂಸತ್ತಿನಲ್ಲಿ 200 ಮತ ಬೇಕು. ಆಮೇಲೆ ಒಂಬತ್ತು ನ್ಯಾಯಮೂರ್ತಿಗಳ ಸಾಂವಿಧಾನಿಕ ನ್ಯಾಯಾಲಯದಲ್ಲಿ ಕನಿಷ್ಠ ಆರು ಮಂದಿ ಒಪ್ಪಬೇಕು. ಅಲ್ಲಿ ಅಧ್ಯಕ್ಷರು ಒಳ್ಳೆಯ ನಾಯಕರೇ ಎಂದು ಯಾರೂ ಕೇಳುವುದಿಲ್ಲ. ಸಂವಿಧಾನವನ್ನೋ ಕಾನೂನನ್ನೋ ಮುರಿದಿದ್ದಾರೆಯೇ, ಮುರಿದಿದ್ದರೆ ಅದು ಹುದ್ದೆಯಿಂದ ತೆಗೆಯುವಷ್ಟು ಗಂಭೀರವೇ ಎಂದಷ್ಟೇ ನೋಡುತ್ತಾರೆ.

ಈ ಅಳತೆ 2004ರಲ್ಲಿ ರೂಪುಗೊಂಡಿತು. ಚುನಾವಣೆ ಹತ್ತಿರವಿದ್ದಾಗ ಒಂದು ಪಕ್ಷದ ಪರ ಮಾತಾಡಿದರೆಂದು ಅಧ್ಯಕ್ಷ ರೋ ಮೂ ಹ್ಯುನ್ ವಿರುದ್ಧ, ಆಗ 271 ಸದಸ್ಯರಷ್ಟೇ ಇದ್ದ ಸಂಸತ್ತು 193 ಮತಗಳಿಂದ ವಾಗ್ದಂಡನೆ ಅಂಗೀಕರಿಸಿತು. ಆಗಲೂ ಸಿಯೋಲ್‌ನ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ಸೇರಿದರು, ಆದರೆ ಅಧ್ಯಕ್ಷರನ್ನು ಉಳಿಸಿಕೊಳ್ಳಲು. ಮೇ 14ರಂದು ತೀರ್ಪು ಬಂತು: ಕಾನೂನು ಉಲ್ಲಂಘನೆಯಾಗಿದೆ, ಆದರೆ ಜನಾದೇಶವನ್ನು ಕಿತ್ತುಕೊಳ್ಳುವಷ್ಟು ಗಂಭೀರವಲ್ಲ. ಬೀದಿ ಅಧಿಕಾರದ ವಿರೋಧಿಗಳಿಗೆ ಮಾತ್ರ ಸೇರಿದ್ದೆಂದು ನಂಬುವವರು ಈ ಪ್ರಕರಣವನ್ನು ನೆನಪಿಡಬೇಕು.

ಬೀದಿಯ ನೋವಿಗೂ ಕೋರ್ಟಿನ ಅಳತೆಗೂ ಎಷ್ಟು ಅಂತರವಿರಬಹುದು ಎಂಬುದು ಪಾರ್ಕ್ ಪ್ರಕರಣದಲ್ಲಿ ಎದೆಗೆ ತಾಗುವಂತೆ ಕಂಡಿತು. 2014ರ ಏಪ್ರಿಲ್ 16ರಂದು ಸೆವೋಲ್ ಹಡಗು ಮುಳುಗಿ 304 ಜನ ಸತ್ತರು. ಹೆಚ್ಚಿನವರು ಪ್ರವಾಸ ಹೊರಟಿದ್ದ ಶಾಲಾ ಮಕ್ಕಳು. ಆ ಗಂಟೆಗಳಲ್ಲಿ ಅಧ್ಯಕ್ಷರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ, ಪಾರ್ಕ್ ಇಳಿಯಬೇಕೆಂದು 2016ರಲ್ಲಿ ನಡೆದ ಮೇಣದಬತ್ತಿ ಸಭೆಗಳಲ್ಲೂ, ಸೆವೋಲ್‌ನಲ್ಲಿ ಸತ್ತವರ ನೆನಪಿನ ಹಳದಿ ರಿಬ್ಬನ್ನುಗಳ ಜೊತೆ ಬಂದು ನಿಂತಿತು. ನ್ಯಾಯಾಲಯ ಅದನ್ನು ಹುದ್ದೆಯಿಂದ ತೆಗೆಯುವ ಕಾರಣವಾಗಿ ಒಪ್ಪಲಿಲ್ಲ. ಪಾರ್ಕ್ ಹುದ್ದೆ ಕಳೆದುಕೊಂಡದ್ದು ಗೆಳತಿ ಚೋಯ್ ಸೂನ್ ಸಿಲ್‌ಗೆ ಸರ್ಕಾರಿ ದಾಖಲೆಗಳು ಸೋರಿಹೋಗಲು ಬಿಟ್ಟು, ಆಕೆಯ ಲಾಭಕ್ಕಾಗಿ ಅಧಿಕಾರವನ್ನು ಬಳಸಿದ್ದಕ್ಕೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೆ ಅದು ಎಂಥ ಸಂಕಟ ಕೊಟ್ಟಿರಬೇಕು! ಆದರೂ ನ್ಯಾಯಾಲಯದ ನಿಲುವು ಸರಿ ಎಂದೇ ನನ್ನ ಅಭಿಪ್ರಾಯ. ಆಡಳಿತದ ವೈಫಲ್ಯವನ್ನೇ ಪದಚ್ಯುತಿಗೆ ಕಾರಣವೆಂದು ಒಪ್ಪಿಬಿಟ್ಟರೆ, ಸಂಸತ್ತಿನಲ್ಲಿ ಬಹುಮತವಿಲ್ಲದ ಯಾವ ಅಧ್ಯಕ್ಷರೂ ಅವಧಿ ಮುಗಿಸಲಾರರು.

ಹಾಗಾದರೆ ಬೀದಿ ಮಾಡಿದ್ದೇನು? 2016ರ ಡಿಸೆಂಬರ್ 9ರ ಮತಗಳನ್ನು ಲೆಕ್ಕಹಾಕಿ. ಪಾರ್ಕ್ ಪಕ್ಷದ 128 ಸದಸ್ಯರನ್ನು ಬಿಟ್ಟರೆ ಸದನದಲ್ಲಿ ಉಳಿದವರು 172. ವಾಗ್ದಂಡನೆಯ ಪರ ಬಿದ್ದ ಮತಗಳು 234. ಅಂದರೆ ಆಕೆಯ ಸ್ವಂತ ಪಕ್ಷದವರೇ ಕಡಿಮೆಯೆಂದರೆ 62 ಮಂದಿ ಕೈಬಿಟ್ಟರು. ಅಕ್ಟೋಬರ್ ಕೊನೆಯಿಂದ ಪ್ರತಿ ಶನಿವಾರ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಬೆಳೆಯುತ್ತಾ ಹೋದ ಜನರನ್ನು ಅವರೂ ನೋಡುತ್ತಿದ್ದರು. ಮರಳಿ ಅದೇ ಕ್ಷೇತ್ರಕ್ಕೆ ಹೋಗಿ ಮತ ಕೇಳಬೇಕಾದವರು ಅವರು.

ಅದೇ ವಾರಗಳಲ್ಲಿ ಇನ್ನೊಂದು ಹೋರಾಟ ಸದ್ದಿಲ್ಲದೆ ನಡೆಯಿತು. ವಕೀಲನಾಗಿ ನನಗೆ ಅತಿ ಪ್ರಿಯವಾದ ಭಾಗ ಅದು. ಅಧ್ಯಕ್ಷರ ನಿವಾಸದಿಂದ 100 ಮೀಟರ್ ಒಳಗೆ ಸಭೆ ಸೇರಬಾರದೆಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಪೊಲೀಸರು ಅದಕ್ಕಿಂತ ಬಹಳ ಹಿಂದೆಯೇ ಮೆರವಣಿಗೆ ತಡೆಯುತ್ತಿದ್ದರು. ಸಂಘಟಕರು ಪ್ರತಿ ಸಲವೂ ನಿರ್ಬಂಧದ ಆದೇಶ ಹಿಡಿದು ಸಿಯೋಲ್ ಆಡಳಿತಾತ್ಮಕ ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆ ತಂದರು. ನವೆಂಬರ್ 26ಕ್ಕೆ 200 ಮೀಟರ್, ಡಿಸೆಂಬರ್ 3ಕ್ಕೆ 100 ಮೀಟರ್. ಹಗಲು ಹೊತ್ತಿಗಷ್ಟೇ ಎಂಬ ಮಿತಿ ಇತ್ತು. ಆರು ದಿನಗಳ ನಂತರ ಸಂಸತ್ತು ಮತ ಹಾಕಿತು. ಆ 100 ಮೀಟರ್ ಸಾರಾಸಗಟು ನಿಷೇಧವೂ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯವೇ ಹೇಳಿತು.

2024ರ ಡಿಸೆಂಬರ್ 3ರ ರಾತ್ರಿ ಮಾತ್ರ ಹೀಗೆ ಮೀಟರ್ ಎಣಿಸಲು ವ್ಯವಧಾನವಿರಲಿಲ್ಲ. ಯೂನ್ ಸೇನಾ ಕಾನೂನು ಘೋಷಿಸಿದರು. ಸಂಸತ್ತಿನ ಚಟುವಟಿಕೆ, ಸಭೆ, ಮೆರವಣಿಗೆ ಎಲ್ಲಕ್ಕೂ ನಿಷೇಧ ಬಿತ್ತು, ಮಾಧ್ಯಮಗಳು ಸೇನೆಯ ಹಿಡಿತಕ್ಕೆ ಎಂದು ಪ್ರಕಟವಾಯಿತು. ಜನ ಆ ಚಳಿಯಲ್ಲಿ ಸಂಸತ್ತಿನ ಗೇಟಿಗೆ ಓಡಿದರು. ಸ್ಪೀಕರ್ ವೂ ವೊನ್ ಷಿಕ್ ಬೇಲಿ ಹಾರಿ ಒಳಹೊಕ್ಕರು. ರಾತ್ರಿ ಒಂದರ ಸುಮಾರಿಗೆ ಹಾಜರಿದ್ದ 190 ಸದಸ್ಯರೂ ಸೇನಾ ಕಾನೂನು ಹಿಂಪಡೆಯಬೇಕೆಂದು ಮತ ಹಾಕಿದರು; ಅವರಲ್ಲಿ 18 ಮಂದಿ ಯೂನ್ ಪಕ್ಷದವರು. ಯೂನ್ ಅವರನ್ನು ಹುದ್ದೆಯಿಂದ ತೆಗೆದ 2025ರ ಏಪ್ರಿಲ್ 4ರ ತೀರ್ಪು, ಆಗ ಪೀಠದಲ್ಲಿದ್ದ ಎಂಟೂ ನ್ಯಾಯಮೂರ್ತಿಗಳ ಒಮ್ಮತದ್ದು, ಒಂದು ಮಾತನ್ನು ದಾಖಲಿಸಿದೆ: ಸಂಸತ್ತು ಅಷ್ಟು ಬೇಗ ನಿರ್ಣಯ ಕೈಗೊಳ್ಳಲು ಸಾಧ್ಯವಾದದ್ದು ನಾಗರಿಕರ ಪ್ರತಿರೋಧದಿಂದ, ಮತ್ತು ಸೈನಿಕರು, ಪೊಲೀಸರು ಆದೇಶ ಪಾಲಿಸಲು ತೋರಿದ ಹಿಂಜರಿಕೆಯಿಂದ. ಪ್ರತಿಭಟನೆಗೆ ಇಂಥ ಸಾಕ್ಷ್ಯವನ್ನು ನ್ಯಾಯಾಲಯವೇ ಬರೆದುಕೊಡುವುದು ಅಪರೂಪ.

ಯೂನ್ ಪರವಾಗಿ ಬೀದಿಗಿಳಿದವರೂ ಅಸಂಖ್ಯ ಜನ. ರಾಷ್ಟ್ರಧ್ವಜ ಹಿಡಿದು ಚಳಿಯಲ್ಲಿ ನಿಂತ ಹಿರಿಯರಲ್ಲಿ ಯುದ್ಧವನ್ನೂ ಹಸಿವನ್ನೂ ಕಂಡವರಿದ್ದರು. ಉತ್ತರ ಕೊರಿಯಾದ ಭಯ ಅವರಿಗೆ ಬದುಕಿನ ಅನುಭವ. 2022ರ ಚುನಾವಣೆಯಲ್ಲಿ ಯೂನ್ ಗೆದ್ದ ಅಂತರ ಶೇ 0.73. ಅಷ್ಟು ಸಮನಾಗಿ ಒಡೆದ ದೇಶದಲ್ಲಿ ಒಂದು ಕಡೆಯವರ ಸಭೆ ಪ್ರಜಾಪ್ರಭುತ್ವ, ಇನ್ನೊಂದು ಕಡೆಯವರದು ಗುಂಪುಗಾರಿಕೆ ಎನ್ನಲಾಗದು. ಗೆರೆ ದಾಟಿದ್ದು 2025ರ ಜನವರಿ 19ರಂದು. ಯೂನ್ ಬಂಧನಕ್ಕೆ ವಾರಂಟ್ ಹೊರಡಿಸಿದ ಸಿಯೋಲ್ ಪಶ್ಚಿಮ ಜಿಲ್ಲಾ ನ್ಯಾಯಾಲಯಕ್ಕೆ ಒಂದು ಗುಂಪು ನುಗ್ಗಿ ಕಿಟಕಿ, ಪೀಠೋಪಕರಣ ಒಡೆಯಿತು. ಅಲ್ಲಿಯವರೆಗೆ ಅವರಿಗಿದ್ದ ಹಕ್ಕು, ಮೇಣದಬತ್ತಿ ಹಿಡಿದವರಿಗಿದ್ದ ಹಕ್ಕಿಗಿಂತ ಒಂದಿಷ್ಟೂ ಕಡಿಮೆ ಇರಲಿಲ್ಲ.

ನಮ್ಮಲ್ಲೂ 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮೇಲೆ ಹೇರಿದ್ದ 144ನೇ ಸೆಕ್ಷನ್ನಿನ ಆದೇಶವನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದಿತು. ತೀರ್ಪು ಬರುವ ಹೊತ್ತಿಗೆ ನಿಷೇಧದ ಮೂರು ದಿನ ಎಂದೋ ಕಳೆದಿದ್ದವು. ಪ್ರತಿಭಟನೆಯ ದಿನಕ್ಕೆ ಮೊದಲೇ ಆದೇಶ ಸಿಗದಿದ್ದರೆ ಗೆದ್ದ ಪ್ರಕರಣವೂ ಕಾಗದದಲ್ಲೇ ಉಳಿಯುತ್ತದೆ. ಸಿಯೋಲ್‌ನ ಸಂಘಟಕರು ಶನಿವಾರಕ್ಕೆ ಮೊದಲೇ ತಡೆಯಾಜ್ಞೆ ತಂದದ್ದು ಅದಕ್ಕೇ ದೊಡ್ಡ ಮಾತು. ಹಾಗಾಗಿ ನನ್ನ ಬಳಿ ಬರುವ ಸಂಘಟಕರಿಗೆ, ಅವರು ಯಾವ ಪಕ್ಷದವರೇ ಇರಲಿ, ಹೇಳುವುದಿಷ್ಟು: ಅರ್ಜಿಯನ್ನು ಸಾಕಷ್ಟು ದಿನ ಮುಂಚೆ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ಬಾಯಿಮಾತಿನಲ್ಲಿ "ಆಗಲ್ಲ" ಎಂದರೆ ವಾಪಸ್ ಬರಬೇಡಿ, ಕಾರಣ ಸಮೇತ ಬರಹದಲ್ಲಿ ಕೇಳಿ. ಆ ಒಂದು ಹಾಳೆ ಕೈಯಲ್ಲಿದ್ದರೆ ಅದೇ ದಿನ ಹೈಕೋರ್ಟ್ ಮುಂದೆ ಹೋಗಿ ತುರ್ತು ವಿಚಾರಣೆ ಕೇಳಬಹುದು.