ಹದಿನೈದು ಹೆಚ್ಚು ಅಂದವರ ಕೈಗೆ ಐದೂವರೆ

ಎರಡು ಆಫರ್ ಲೆಟರ್ ಹಿಡಿದು ಸಲಹೆಗೆ ಬರುವವರು ಹೆಚ್ಚಾಗಿ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಕೊನೆಯ ಸಾಲಿನ ದೊಡ್ಡ ಮೊತ್ತಕ್ಕೆ ಟಿಕ್ ಬಿದ್ದಿರುತ್ತದೆ. ಓಡಾಟ ಹೇಗೆ ಎಂದು ಕೇಳಿದರೆ, ‘ಸ್ವಲ್ಪ ದೂರ ಆಗುತ್ತೆ, ಪೆಟ್ರೋಲ್ ಒಂಚೂರು ಜಾಸ್ತಿ’ ಎನ್ನುತ್ತಾರೆ. ಲೆಕ್ಕ ಎಡವುವುದು ಆ ಒಂಚೂರಿನಲ್ಲೇ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದು: ಸಂಬಳ ಏರುವುದು ತೆರಿಗೆಗೆ ಮುಂಚೆ, ಓಡಾಟದ ಖರ್ಚು ಹೋಗುವುದು ತೆರಿಗೆ ಕಳೆದು ಕೈಗೆ ಬಂದ ದುಡ್ಡಿನಲ್ಲಿ. ಜೊತೆಗೆ, ಹೆಚ್ಚಳದ ಮೇಲೆ ಬೀಳುವುದು ನಿಮ್ಮ ಸರಾಸರಿ ತೆರಿಗೆಯಲ್ಲ, ನೀವು ತಲುಪಿರುವ ಮೇಲಿನ ಸ್ಲ್ಯಾಬಿನ, ಅಂದರೆ ಆದಾಯದ ಹಂತದ, ದರ. ಹಾಗಾಗಿ ಒಂದು ಮೊತ್ತದಿಂದ ಇನ್ನೊಂದನ್ನು ನೇರವಾಗಿ ಕಳೆಯಲು ಬರುವುದಿಲ್ಲ.

ಈಗಿನ ತಿಂಗಳ ಸಂಬಳ 100 ಎಂದಿಟ್ಟುಕೊಳ್ಳಿ, ಕೈಗೆ 80. ಆಫೀಸು 20 ನಿಮಿಷದ ದಾರಿ, ಓಡಾಟಕ್ಕೆ ತಿಂಗಳಿಗೆ 2. ಉಳಿದದ್ದು 78. ಹೊಸ ಆಫರ್ 115. ಮೇಲಿನ 15ಕ್ಕೆ ಶೇ. 30 ತೆರಿಗೆ ಎಂದರೆ ಕೈಗೆ ಬರುವುದು 10.5, ಒಟ್ಟು 90.5. ದಾರಿ 70 ನಿಮಿಷ, ಖರ್ಚು 7. ಉಳಿದದ್ದು 83.5. ಹದಿನೈದು ಹೆಚ್ಚು ಎಂದುಕೊಂಡದ್ದು ಐದೂವರೆಗೆ ಬಂತು.

ಇನ್ನು ಗಂಟೆಗಳು. ಹೋಗುವಾಗ 50 ನಿಮಿಷ, ಬರುವಾಗ 50 ನಿಮಿಷ ಹೆಚ್ಚು. 22 ದಿನಕ್ಕೆ 36 ಗಂಟೆ 40 ನಿಮಿಷ. ಒಂಬತ್ತು ಗಂಟೆಯ ಪಾಳಿ ಹಿಡಿದರೆ ತಿಂಗಳಿಗೆ ನಾಲ್ಕು ದಿನದ ದುಡಿಮೆ. ಈಗಿನ ಕೆಲಸದಲ್ಲಿ ನಾಲ್ಕು ದಿನಕ್ಕೆ 14ರಷ್ಟು ಸಿಗುತ್ತಿದೆ. ಹೊಸ ಕಡೆ ಅಷ್ಟೇ ಹೊತ್ತನ್ನು ದಾರಿಯಲ್ಲಿ ಕಳೆದರೆ ಸಿಗುವುದು 5.5. ಈ ದರಕ್ಕೆ ಓವರ್‌ಟೈಮ್ ಮಾಡು ಅಂದರೆ ಯಾರೂ ಒಪ್ಪುವುದಿಲ್ಲ. ದೊಡ್ಡ ಪ್ಯಾಕೇಜಿನೊಳಗೆ ಸುತ್ತಿ ಕೊಟ್ಟರೆ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ನಿಮ್ಮ ತೆರಿಗೆ ದರ ಬೇರೆ ಇರಬಹುದು. ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಇದೇ.

ದಾರಿಯ ನಿಮಿಷಗಳನ್ನು ಭಾನುವಾರ ಮಧ್ಯಾಹ್ನ ಫೋನಿನ ನಕ್ಷೆ ನೋಡಿ ಬರೆಯಬೇಡಿ. ಕೆಲಸದ ದಿನ, ಅದೇ ಹೊತ್ತಿಗೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹೋಗಿ ಬನ್ನಿ. ಮನೆಬಾಗಿಲಿನಿಂದ ಆಫೀಸಿನ ಕುರ್ಚಿಯವರೆಗೆ ಅಳೆಯಬೇಕು: ಗಾಡಿ ನಿಲ್ಲಿಸಿ ನಡೆಯುವುದು, ಲಿಫ್ಟಿಗೆ ಕಾಯುವುದು ಎಲ್ಲ ಸೇರಿ. ಸ್ವಂತ ಗಾಡಿಯಾದರೆ ಇಂಧನ ಒಂದೇ ಬರೆದು ಮುಗಿಸುವವರೇ ಜಾಸ್ತಿ. ಟೈರು, ಆಯಿಲ್, ಸರ್ವಿಸ್, ಟೋಲ್, ಪಾರ್ಕಿಂಗ್, ಓಡಿದಷ್ಟೂ ಇಳಿಯುವ ಮರುಮಾರಾಟದ ಬೆಲೆ, ಇವೂ ಕಿಲೋಮೀಟರ್ ಲೆಕ್ಕದಲ್ಲೇ ಸವೆಯುತ್ತವೆ. ಕಂಪನಿಯ ಕ್ಯಾಬ್ ಇದ್ದರೆ ಖರ್ಚು ಸೊನ್ನೆ, ಸಮಯ ಸೊನ್ನೆಯಲ್ಲ. ನಾಲ್ಕು ಮನೆ ಸುತ್ತಿ ಹೋಗುವ ಗಾಡಿ ಬಸ್ಸಿಗಿಂತ ನಿಧಾನವೂ ಆಗಬಹುದು.

ಸವಲತ್ತುಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕೊಡದಿದ್ದರೂ ನೀವೇ ಕಾಸು ಕೊಟ್ಟು ತೆಗೆದುಕೊಳ್ಳುತ್ತಿದ್ದದ್ದಕ್ಕೆ ಮಾತ್ರ ಬೆಲೆ ಕಟ್ಟಿ. ಜಿಮ್‌ಗೆ ಕಾಲಿಡದವರಿಗೆ ಜಿಮ್ ಸೊನ್ನೆ. ಆರೋಗ್ಯ ವಿಮೆಯಲ್ಲಿ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಅಪ್ಪ ಅಮ್ಮ ಸೇರಿದ್ದಾರೆಯೇ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇದೆಯೇ ಎಂಬುದು. ರಜೆಯನ್ನು ದುಡ್ಡಿಗೆ ತಿರುಗಿಸಬಹುದು: ವರ್ಷಕ್ಕೆ 264 ಕೆಲಸದ ದಿನ ಹಿಡಿದರೆ 12 ರಜೆ ಹೆಚ್ಚು ಅಂದರೆ ಹತ್ತಿರಹತ್ತಿರ ಶೇ. 4.5 ಸಂಬಳ. ವೇರಿಯಬಲ್ ಪೇ, ಅಂದರೆ ಸಾಧನೆ ನೋಡಿ ಹೆಚ್ಚುಕಡಿಮೆ ಕೊಡುವ ಸಂಬಳದ ಭಾಗದ ಬಗ್ಗೆ, ಕಳೆದ ಎರಡು ವರ್ಷ ನಿಮ್ಮ ಹುದ್ದೆಯವರಿಗೆ ಶೇಕಡಾ ಎಷ್ಟು ಕೊಟ್ಟರೆಂದು ಎಚ್‌ಆರ್‌ಗೆ ನೇರವಾಗಿ ಕೇಳಿ. ಉತ್ತರ ತೇಲಿಸಿದರೆ ಸೊನ್ನೆ ಎಂದೇ ಹಿಡಿಯಿರಿ. ಜಾಯಿನಿಂಗ್ ಬೋನಸ್ ಒಮ್ಮೆ ಬಂದು ಹೋಗುತ್ತದೆ, ಬೇಗ ಬಿಟ್ಟರೆ ವಾಪಸ್ ಕಟ್ಟಬೇಕಾಗಬಹುದು. ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ.

ಇಷ್ಟಾದ ಮೇಲೂ ದೂರದ ಕೆಲಸವೇ ಸರಿ ಅನ್ನಿಸಬಹುದು. ಕಲಿಯುವುದು ಬಹಳ ಇದ್ದರೆ, ಈಗಿನ ಕಂಪನಿಯ ಕಾಲೇ ನಡುಗುತ್ತಿದ್ದರೆ, ಈ ಲೆಕ್ಕ ಪೂರ್ತಿ ಉತ್ತರ ಕೊಡುವುದಿಲ್ಲ. ಆದರೆ ಮಾತುಕತೆಗೆ ಕೂರುವಾಗ ಅಂಕಿ ಕೈಯಲ್ಲಿರುತ್ತದೆ. ತಿಂಗಳಿಗೆ ಉಳಿದದ್ದನ್ನು ಪಾಳಿ, ದಾರಿ ಎರಡೂ ಸೇರಿದ ಗಂಟೆಗಳಿಂದ ಭಾಗಿಸಿದರೆ, ಒಂದು ಗಂಟೆಗೆ ಈಗ 0.37 ಉಳಿಯುತ್ತಿದ್ದರೆ ಹೊಸದರಲ್ಲಿ 0.33. ಸಂಬಳ ಏರಿಸಿಯೇ ಇದನ್ನು ಸರಿದೂಗಿಸಬೇಕೆಂದರೆ 115 ಸಾಲದು, 126ರ ಮೇಲೆ ಕೇಳಬೇಕು. ಅಷ್ಟು ಕೊಡುವವರು ಕಡಿಮೆ. ಅದರ ಬದಲು ವಾರಕ್ಕೆರಡು ದಿನ ಮನೆಯಿಂದ ಕೆಲಸ ಕೇಳಿ. ಓಡಾಟ 22 ದಿನದಿಂದ 13ಕ್ಕೆ ಇಳಿಯುತ್ತದೆ, ಅದೇ 115ಕ್ಕೆ ಗಂಟೆಗೆ 0.38 ಬಂದು ಹೊಸ ಕೆಲಸವೇ ಮೇಲಾಗುತ್ತದೆ. ಒಪ್ಪಿದರೆ ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ. ‘ನಮ್ಮ ಟೀಮಲ್ಲಿ ಎಲ್ಲಾ ಅಡ್ಜಸ್ಟ್ ಮಾಡ್ಕೋತೀವಿ’ ಎಂದ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ, ಅದೂ ಮನೆಗೆ ಹತ್ತಿರ ಅಂತ.