ಸಿಂಹನಾರಿ, ಡ್ರ್ಯಾಗನ್ ಮತ್ತು ಕಾಕಾನ ಸ್ಕೂಟರ್

ಗದಗದ ಬೆಟಗೇರಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿದ್ದಾರೆ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದವರು. ಅವರ ಸ್ಕೂಟರಿನ ಮುಂದೆ ಒಂದು ಸ್ಟಿಕ್ಕರ್ ಇದೆ: ‘ಸರ್ವತ್ರ’. ಬಿಸಿಲಿಗೆ ‘ತ್ರ’ ಅರ್ಧ ಅಳಿಸಿಹೋಗಿದೆ. ಹಂಗಂದ್ರೇನು ಕಾಕಾ ಅಂತ ಕೇಳಿದ್ದಕ್ಕೆ, ‘ನಾವು ದಾರಿ ಮಾಡಿ ಕೊಟ್ರ ಅಲ್ಲೇನು ದಂಡು ಮುಂದ ಹೋಗೂದು?’ ಅಂದರು.

ಈ ಪದಕ್ಕೆ ದೊಡ್ಡ ಹಿನ್ನೆಲೆ ಇದೆ. 1832ರಲ್ಲಿ ಬ್ರಿಟನ್ನಿನ ರಾಜ ನಾಲ್ಕನೇ ವಿಲಿಯಂ ತನ್ನ ಎಂಜಿನಿಯರ್ ದಳಕ್ಕೆ ‘ಉಬಿಕ್’ ಅನ್ನುವ ಲ್ಯಾಟಿನ್ ಪದ ಕೊಟ್ಟ. ಎಲ್ಲೆಡೆ ಅಂತ ಅರ್ಥ. ಇವರಿಲ್ಲದ ಯುದ್ಧವೇ ಇಲ್ಲ, ಮತ್ತೆ ದಳದ ಗೌರವಗಳ ಪಟ್ಟಿಯಲ್ಲಿ ಒಂದೊಂದರ ಹೆಸರು ಬರೆಯೋದು ಯಾಕೆ ಅನ್ನುವ ಲೆಕ್ಕ. ನಮ್ಮ ಸೇನೆಯ ಎಂಜಿನಿಯರ್‌ಗಳ ‘ಸರ್ವತ್ರ’ದ ಅರ್ಥವೂ ಅದೇ.

ಆದರೆ ಮದ್ರಾಸ್ ಸ್ಯಾಪರ್ಸ್ ಯುದ್ಧಗಳ ಹೆಸರುಗಳನ್ನೂ ಬರೆದುಕೊಂಡ ದಳ. ಶುರುವಾಗಿದ್ದು 1780ರಲ್ಲಿ, ಮದ್ರಾಸಿನಲ್ಲಿ, ಪಯೋನಿಯರ್‌ಗಳ ಎರಡು ಕಂಪನಿಗಳಾಗಿ. ಗುದ್ದಲಿ, ಹಾರೆ ಹಿಡಿದು ದಂಡಿಗೆ ದಾರಿ ಮಾಡುವವರು. 1801ರಲ್ಲಿ ನೆಪೋಲಿಯನ್ನನ ಸೈನ್ಯದ ವಿರುದ್ಧ ಈಜಿಪ್ಟಿಗೆ ಹೋದ ಭಾರತೀಯ ಪಡೆಯಲ್ಲಿ ಇವರೂ ಇದ್ದರು. ಕೆಂಪು ಸಮುದ್ರದ ದಂಡೆಯಲ್ಲಿ ಇಳಿದು, ಮರುಭೂಮಿ ದಾಟಿ ನೈಲ್ ನದಿಗೆ ನಡೆದ ಪಡೆ ಅದು. ಅದರ ಮುಖ್ಯಸ್ಥ ಡೇವಿಡ್ ಬೇರ್ಡ್. ಹೌದು, ಎರಡು ವರ್ಷ ಮೊದಲು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ ಅದೇ ಬೇರ್ಡ್. ಆ ಈಜಿಪ್ಟ್ ಯುದ್ಧದ ಗುರುತಾಗಿ ದಳಕ್ಕೆ ಸಿಂಹದ ಮೈ, ಮನುಷ್ಯನ ಮುಖದ ಸ್ಫಿಂಕ್ಸ್, ಅಂದ್ರೆ ಸಿಂಹನಾರಿ, ಸಿಕ್ಕಿತು. 1840ರಿಂದ 1842ರವರೆಗೆ ನಡೆದ ಅಫೀಮು ಯುದ್ಧಕ್ಕೆ ‘ಚೀನಾ’ ಅನ್ನುವ ಹೆಸರಿನ ಜೊತೆ ಡ್ರ್ಯಾಗನ್ ಬಂತು.

ಇಲ್ಲಿ ನನಗೆ ಒಂದು ಸಂಕಟ ಇದೆ. ಅದೇ ಗೌರವಗಳ ಪಟ್ಟಿಯಲ್ಲಿ ಮೈಸೂರು, ಶ್ರೀರಂಗಪಟ್ಟಣದ ಹೆಸರೂ ಇವೆ. ಈಸ್ಟ್ ಇಂಡಿಯಾ ಕಂಪನಿಗೆ ಅದು ಗೆಲುವು, ನಮ್ಮ ನಾಡಿಗೆ ಅದು ಗಾಯ. ಆದರೆ ಅಲ್ಲಿ ಮಣ್ಣು ಅಗೆದವನು ಹೊಟ್ಟೆಪಾಡಿಗೆ ಸೇರಿದ ನಮ್ಮ ದಕ್ಷಿಣದ ಹುಡುಗನೇ ಅಲ್ವಾ? ಅವನನ್ನು ಬೈಯಲು ನನಗೆ ಮನಸ್ಸಾಗಲ್ಲ.

ಮುಂದೆ ದಳದ ಹೆಸರಿಗೆ ವಿಕ್ಟೋರಿಯಾ ರಾಣಿಯೂ ಸೇರಿದಳು. 1950ರಲ್ಲಿ ದೇಶ ಗಣರಾಜ್ಯವಾದಾಗ ಸೇನೆಯ ಗುರುತುಗಳಿಂದ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು.

ಲಾಂಛನದಲ್ಲಿ ಜಾಗ ಸಿಗದ ಸಂಗತಿಗಳೇ ನನಗೆ ಜಾಸ್ತಿ ಇಷ್ಟ. ಮುಳ್ಳುತಂತಿಯ ಬೇಲಿ ಸಿಡಿಸಿ ದಾರಿ ಮಾಡುವ ‘ಬೆಂಗಳೂರು ಟಾರ್ಪೆಡೊ’ ಅನ್ನೋ ಉದ್ದ ಕೊಳವೆಯನ್ನು 1912ರಲ್ಲಿ ಇದೇ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಬೆಂಗಳೂರಿನಲ್ಲಿ ರೂಪಿಸಿದ. 1944ರ ಫೆಬ್ರುವರಿಯಲ್ಲಿ ಇಟಲಿಯ ಮಿನ್ಯಾನೊದಲ್ಲಿ ಸುಬೇದಾರ್ ಸುಬ್ರಹ್ಮಣ್ಯಂ ಜೊತೆಯವರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು. ಅದಕ್ಕೆ ಅವರಿಗೆ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಸಿಕ್ಕಿತು. ಈ ಹೆಸರು ಹೇಳುವಾಗ ಮಾತ್ರ ಕಾಕಾ ಸ್ಕೂಟರ್ ಆಫ್ ಮಾಡಿ, ಇಳಿದು ನಿಂತು ಹೇಳಿದರು.